ಮಲೆನಾಡಿನಲ್ಲಿ ಕಣ್ಣಿನ ಚಿಕಿತ್ಸೆ

ತೀರ್ಥಹಳ್ಳಿ ಸೀಮೆಯಲ್ಲಿ ಕಣ್ಣಿನ ಪೆಟ್ಟು ಬೇಸಾಯದ ಜೊತೆಗೇ ಬಂದದ್ದು: ಭತ್ತ ಬಡಿಯುವಾಗ ಹಾರುವ ಸುಂಕು, ಅಡಿಕೆ ತೋಟದಲ್ಲಿ ತಾಗುವ ಕಡ್ಡಿ. ಕೆಂಗಣ್ಣಿಗೆ ನಂದಿಬಟ್ಟಲು ಹೂವಿನ ರಸ, ಎದೆಹಾಲು ಮನೆಮದ್ದಾಗಿದ್ದವು. ಉರಿ ತಣಿದಂತೆ ಕಂಡರೂ, ಕರಿಗುಡ್ಡೆಯ ಗೀರಿನಲ್ಲಿ ಶಿಲೀಂಧ್ರ ಹೊಕ್ಕು ಹುಣ್ಣಾದರೆ ಅವು ಸಾಲವು. ಬಿಳಿ ಕಲೆ ಉಳಿದು ದೃಷ್ಟಿಯೇ ಹೋಗಬಹುದು. ಪೆಟ್ಟಿನ ಮಾತು ಹೀಗಾದರೆ, ಕಣ್ಣಿನ ಪೊರೆಗೆ ಸುಶ್ರುತ ಸಂಹಿತೆಯ ಕಾಲದಿಂದಲೂ ಶಸ್ತ್ರಚಿಕಿತ್ಸೆಯಿತ್ತು. 1896ರಲ್ಲಿ ಬೆಂಗಳೂರಿನಲ್ಲಿ ಕಣ್ಣಾಸ್ಪತ್ರೆ ಆರಂಭವಾಗಿ, 1913ರಲ್ಲಿ ಈಗಿನ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ ಸೇರಿತು. ಮಲೆನಾಡಿನ ಬಡವರಿಗೆ ಅದು ಬಲು ದೂರ. ಕರ್ನಾಟಕದ ಹಳ್ಳಿಗರಿಗೆ ಆ ದೂರವನ್ನು ತಗ್ಗಿಸಿದ್ದು ಬೀಳಗಿಯಲ್ಲಿ ಹುಟ್ಟಿದ ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿಯವರ ಉಚಿತ ಶಸ್ತ್ರಚಿಕಿತ್ಸಾ ಶಿಬಿರಗಳು. ಆ ಉಪಕಾರ ದೊಡ್ಡದು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂತು. ಚಿಕಿತ್ಸೆ ಹತ್ತಿರ ಬಂದರೂ ಎಚ್ಚರ ಬೇಕು: ಸುಂಕು ತಾಗಿದ ಕಣ್ಣನ್ನು ಉಜ್ಜದೆ, ಶುದ್ಧ ನೀರಿನಲ್ಲಿ ತೊಳೆದು, ಅಂದೇ ವೈದ್ಯರಿಗೆ ತೋರಿಸಬೇಕು.