ಸ್ಪೋರ್ಟ್ಸ್ ಕಾರಿಗೆ ನಿಜಕ್ಕೂ ಏನು ಬೇಕು? ಫಾರ್ವರ್ಡ್ ಮಾಡುವ ಮುನ್ನ ಓದಿ

‘ನೈಟ್ರೋಜನ್ ತುಂಬಿಸಿದರೆ ಟೈರ್ ಸಿಡಿಯುವುದೇ ಇಲ್ಲ’, ‘100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಯಾವ ಕಾರಾದರೂ ಚಿಗರೆಯಂತೆ ಓಡುತ್ತದೆ’, ‘ಕಾರು ಓಡದೇ ಇದ್ದರೆ ಸರ್ವೀಸ್ ಬೇಡ’. ಕಾರುಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಸುತ್ತುತ್ತಲೇ ಇರುತ್ತವೆ. ಸ್ಪೋರ್ಟ್ಸ್ ಕಾರು ಹೆಚ್ಚು ದಿನ ನಿಂತೇ ಇರುತ್ತದೆ, ಹೊರಬಂದಾಗ ವೇಗವಾಗಿ ಓಡುತ್ತದೆ. ಹಾಗಾಗಿ ಸಣ್ಣ ತಪ್ಪಿಗೂ ದೊಡ್ಡ ಬೆಲೆ ತೆರಬೇಕಾಗುತ್ತದೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಕಡಿಮೆ ಓಡಿದ ಕಾರಿಗೆ ಸರ್ವೀಸ್ ಬೇಡ

ನಿಜ: ಕಿಲೋಮೀಟರ್ ಜೊತೆಗೆ ಕಾಲವೂ ಲೆಕ್ಕಕ್ಕೆ ಬರುತ್ತದೆ. ಇದರಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಹಳೆಯ ಬ್ರೇಕ್ ಆಯಿಲ್. ಇದಕ್ಕೆ ಗಾಳಿಯಲ್ಲಿನ ತೇವ ಹೀರಿಕೊಳ್ಳುವ ಗುಣವಿದೆ. ಡಾಟ್ 4 ಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಶೇ 3.7ರಷ್ಟು ನೀರು ಸೇರಿದರೆ ಈ ಮಿತಿ 155 ಡಿಗ್ರಿಗೆ ಇಳಿಯಬಹುದು. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿದರೆ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವದಂತಲ್ಲದೆ ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲ್ ತಳ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ!

ಆದ್ದರಿಂದ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಇಳಿಜಾರಿನಲ್ಲಿ ಕೆಳಗಿನ ಗೇರ್ ಬಳಸಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್. ಅದನ್ನು ಡಾಟ್ 4 ಜೊತೆ ಬೆರೆಸಲೇಬಾರದು. ಎಂಜಿನ್ ಆಯಿಲ್ ಅನ್ನು ಕಾರು ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ನಂಬಿಕೆ 2: ನೈಟ್ರೋಜನ್ ಇದ್ದರೆ ಟೈರ್ ಸಿಡಿಯದು

ನಿಜ: ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್‌ನಲ್ಲಿ ತೇವ ಇರುವುದಿಲ್ಲ, ಅದು ತುಸು ನಿಧಾನವಾಗಿ ಸೋರುತ್ತದೆ, ಲಾಭ ಅಷ್ಟೇ. ಟೈರ್ ಸಿಡಿಯಲು ದೊಡ್ಡ ಕಾರಣ ಗಾಳಿ ಕಡಿಮೆ ಇರುವುದು. ಆಗ ಟೈರಿನ ಪಕ್ಕದ ಗೋಡೆ ಹೆಚ್ಚು ಬಾಗಿ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಗಾಳಿ ಕಡಿಮೆ ಮಾಡಿ ಎಂಬ ಸಲಹೆಯೂ ಇದೇ ಕಾರಣಕ್ಕೆ ತಪ್ಪು. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿಯನ್ನು, ಟೈರ್ ತಣ್ಣಗಿರುವಾಗ, ತಿಂಗಳಿಗೊಮ್ಮೆಯಾದರೂ ನೋಡಿ ತುಂಬಿಸಿ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ 2319 ಎಂದಿದ್ದರೆ, ಅದು 2019ರ 23ನೇ ವಾರ ತಯಾರಾದ ಟೈರ್. ಹೊರಗೆ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರಬಹುದು. 5 ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತೋರಿಸಿ. 10 ವರ್ಷ ದಾಟಿದ್ದರೆ ಬಳಸಲೇಬೇಡಿ.

ನಂಬಿಕೆ 3: ಆಕ್ಟೇನ್ ಹೆಚ್ಚಿದಷ್ಟೂ ಪವರ್ ಹೆಚ್ಚು

ನಿಜ: ಆಕ್ಟೇನ್ ಶಕ್ತಿಯ ಅಳತೆಯಲ್ಲ. ಒತ್ತಡದಲ್ಲಿ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದಂತೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ. 98 ಆಕ್ಟೇನ್‌ಗೆಂದೇ ರೂಪಿಸಿದ ಟರ್ಬೊ ಎಂಜಿನ್‌ಗೆ ಅದರಿಂದ ಲಾಭವಿದೆ. 91 ಸಾಕೆನ್ನುವ ಎಂಜಿನ್‌ಗೆ 100 ಹಾಕಿದರೆ ಖರ್ಚಷ್ಟೇ ಹೆಚ್ಚು. ಪೆಟ್ರೋಲ್ ಮುಚ್ಚಳದ ಬಳಿ ಬರೆದಿರುವುದನ್ನು ಪಾಲಿಸಿ.

ನಂಬಿಕೆ 4: ದಿನಾ 5 ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಬ್ಯಾಟರಿ ಸರಿಯಿರುತ್ತದೆ

ನಿಜ: ಸ್ಟಾರ್ಟ್ ಮಾಡಲು ಬಳಸಿದ ಚಾರ್ಜ್ ಕೂಡ ಅಷ್ಟರಲ್ಲಿ ಪೂರ್ತಿ ಮರಳದೇ ಇರಬಹುದು. ಎಂಜಿನ್ ಸರಿಯಾಗಿ ಬಿಸಿಯಾಗದೆ ಆಯಿಲ್ ಮತ್ತು ಸೈಲೆನ್ಸರ್‌ನಲ್ಲಿ ನೀರು ಉಳಿಯುತ್ತದೆ. ವಾರ ಅಥವಾ ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಆಗದಿದ್ದರೆ, ತುಂಬಿದ ಮೇಲೆ ತಾನೇ ನಿಲ್ಲುವ ಬ್ಯಾಟರಿ ಚಾರ್ಜರ್ ಬಳಸಿ.

ಯಾವ ಅಪ್‌ಗ್ರೇಡ್‌ಗೆ ಹಣ ಹಾಕಬಹುದು?

• ಮೊದಲು ಒಳ್ಳೆಯ ಟೈರ್: ರಸ್ತೆಯನ್ನು ಮುಟ್ಟುವುದು ಅದೊಂದೇ.
• ನಂತರ ಒಳ್ಳೆಯ ಬ್ರೇಕ್ ಪ್ಯಾಡ್. ರೇಸ್ ಪ್ಯಾಡ್ ಬೇಡ. ಅವು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ.
• ಎಂಜಿನ್ ಪಕ್ಕ ತೆರೆದಿಡುವ ಏರ್ ಫಿಲ್ಟರ್ ಬಿಸಿಗಾಳಿ ಎಳೆದು ಪವರ್ ಕಡಿಮೆ ಮಾಡಬಹುದು.
• ಕಿವಿಗಡಚಿಕ್ಕುವ ಸೈಲೆನ್ಸರ್‌ಗೆ ದಂಡ ಬೀಳಬಹುದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಕಂಪನಿ ಕೊಟ್ಟ ಮೂಲ ವಿವರಗಳನ್ನು ಮನಬಂದಂತೆ ಬದಲಿಸುವುದನ್ನು ನಿರ್ಬಂಧಿಸುತ್ತದೆ.
• ಎಂಜಿನ್ ಕಂಪ್ಯೂಟರ್ ‘ರೀಮ್ಯಾಪ್’ ಮಾಡಿಸಿದರೆ ವಾರಂಟಿ ಕೈತಪ್ಪಬಹುದು, ವಿಮೆಯ ಕ್ಲೇಮ್‌ಗೂ ತೊಡಕಾಗಬಹುದು.

ಒಟ್ಟಿನಲ್ಲಿ, ವೇಗ ಹೆಚ್ಚಿಸುವುದಕ್ಕಿಂತ ಮೊದಲು ಕಾರು ನಿಲ್ಲುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಸಂದೇಹ ಬಂದಾಗ ಫಾರ್ವರ್ಡ್ ಬದಿಗಿಟ್ಟು, ಡ್ಯಾಶ್‌ಬೋರ್ಡ್ ಖಾನೆಯಲ್ಲಿರುವ ಮಾಲೀಕರ ಕೈಪಿಡಿ ತೆರೆಯಿರಿ.