ಹೊಸಪೇಟೆ ದಾರಿಯ ಜೊತೆಗಾರರು

ಯುರೋಪಿನ ನಗರಗಳಿಂದ ತುಂಗಭದ್ರೆಯ ದಡಕ್ಕೆ ಜನ ಬಂದು ಹೋಗುವುದು ಆರು ಶತಮಾನಗಳ ರೂಢಿ. ಮೊದಲು ರತ್ನ ಮತ್ತು ಕುದುರೆಯ ವ್ಯಾಪಾರಿಗಳು, ಆಮೇಲೆ ಸರ್ವೇ ಅಧಿಕಾರಿಗಳು, ಇಪ್ಪತ್ತನೆಯ ಶತಮಾನದ ಕೊನೆಗೆ ಕಾಲೇಜಿನ ಹುಡುಗ ಹುಡುಗಿಯರು. ಒಬ್ಬೊಂಟಿಯಾಗಿ ಬಂದವರು ಇವರಲ್ಲಿ ಕಡಿಮೆ. ಯಾರ ಜೊತೆ ಬಂದರು ಎಂಬುದರ ಮೇಲೆಯೇ ಅವರಿಗೆ ಏನು ಕಂಡಿತು ಎಂಬುದೂ ಬಹುಮಟ್ಟಿಗೆ ನಿಂತಿದೆ.

ಬಂದವರಲ್ಲಿ ಬರಹದ ಮೂಲಕ ನಮಗೆ ಸಿಗುವ ಮೊದಲಿಗ ವೆನಿಸಿನ ನಿಕೊಲೊ ಕಾಂಟಿ. ಸುಮಾರು 1420ರಲ್ಲಿ ಇಲ್ಲಿಗೆ ಬಂದ. ಅವನ ವರ್ಷಗಟ್ಟಲೆಯ ಅಲೆದಾಟದಲ್ಲಿ ಹೆಂಡತಿ ಮಕ್ಕಳೂ ಜೊತೆಗಿದ್ದರು. ಊರಿಗೆ ಮರಳುವ ದಾರಿಯಲ್ಲಿ ಈಜಿಪ್ಟಿನಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. ಮನೆಯವರ ಜೀವ ಉಳಿಸಲು ಇಸ್ಲಾಮಿಗೆ ಸೇರಿದ್ದಕ್ಕೆ ಪ್ರಾಯಶ್ಚಿತ್ತವೆಂದು, ಕಂಡದ್ದನ್ನೆಲ್ಲ ತನ್ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಹೇಳಬೇಕೆಂದು ಪೋಪ್ ವಿಧಿಸಿದ. ವಿಜಯನಗರದ, ಅಂದರೆ ಇಂದಿನ ಹಂಪಿಯ, ಸುತ್ತಳತೆ ಅರುವತ್ತು ಮೈಲಿ ಎಂಬ ಕಾಂಟಿಯ ಮಾತು ಉಳಿದುಬಂದದ್ದು ಹೀಗೆ. ಬೊಲೊನ್ಯದ ವರ್ತೆಮಾ 1510ರಲ್ಲಿ ರೋಮಿನಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅದೇ ಸುತ್ತಳತೆಯನ್ನು ಏಳು ಮೈಲಿಗೆ ಇಳಿಸಿದ. ಇಬ್ಬರ ಕೈಯಲ್ಲೂ ಅಳತೆಗೋಲು ಇರಲಿಲ್ಲ ಎಂಬುದು ಸ್ಪಷ್ಟ.

ಇಂದಿನ ಹೊಸಪೇಟೆ ಈ ಕಥೆಯೊಳಕ್ಕೆ ಬರುವುದು ಸುಮಾರು 1520ರಲ್ಲಿ. ಆಗ ಅದರ ಹೆಸರು ನಾಗಲಾಪುರ. ಕೃಷ್ಣದೇವರಾಯ ತಾಯಿ ನಾಗಲಾಂಬಿಕೆಯ ಹೆಸರಿನಲ್ಲಿ ಕಟ್ಟಿಸಿದ ಊರು ಎಂದು ಇಲ್ಲಿನವರು ಹೇಳುತ್ತಾರೆ. ಮೆಚ್ಚಿನ ರಾಣಿಯೊಬ್ಬಳ ಮೇಲಿನ ಪ್ರೀತಿಗೆ ಕಟ್ಟಿಸಿದ್ದು ಎಂದು ಡೊಮಿಂಗೊ ಪಾಯಸ್ ಬರೆದಿದ್ದಾನೆ. ಪಾಯಸ್ ಬಂದದ್ದು ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ತಂಡದಲ್ಲಿ. ರಾಯ ಆಗ ಈ ಹೊಸ ಊರಿನಲ್ಲಿದ್ದ. ತಂಡದವರೆಲ್ಲ ತಮ್ಮ ದೇಶದ ಉಡುಪಿನಲ್ಲಿ ಸಿಂಗರಿಸಿಕೊಂಡು ಅಲ್ಲಿಗೇ ಹೋದರು. ತಂದ ಕಾಣಿಕೆಗಳಲ್ಲಿ ಆರ್ಗನ್ ವಾದ್ಯಗಳಿದ್ದವು; ರಾಯನಿಗೆ ಅವು ಬಹಳ ಹಿಡಿಸಿದವು. ಊರಿಗೆ ಮರಳಿದ ಮೇಲೆ ಹೇಳಿಕೊಳ್ಳಲು ಏನಾದರೂ ಇರಬೇಕು, ರಾಜಧಾನಿಯ ಅರಮನೆಯನ್ನು ತೋರಿಸಬೇಕು ಎಂದು ಫಿಗೆರೆದೊ ಕೇಳಿಕೊಂಡ. ಪ್ರವಾಸಿಯ ಆಸೆಯನ್ನು ಇಷ್ಟು ನೇರವಾಗಿ ಹೇಳಿದವರು ಅಪರೂಪ. ರಾಯ ಒಪ್ಪಿದ.

ಅರಮನೆಯಲ್ಲಿ ಕಂಡ ದಂತದ ಕೋಣೆಯನ್ನು ಪಾಯಸ್ ಹೊಗಳಿ ಬರೆದಿದ್ದಾನೆ. ಅದಕ್ಕಿಂತ ಕುತೂಹಲದ್ದು ಅದೇ ಬದಿಯ ಚಿತ್ರಗಳು. ರಾಜ್ಯಕ್ಕೆ ಬಂದುಹೋದ ಬೇರೆ ಬೇರೆ ದೇಶದವರ ಬಾಳಿನ ರೀತಿಯನ್ನು ಅಲ್ಲಿ ಚಿತ್ರಿಸಿತ್ತು. ಪೋರ್ಚುಗೀಸರೂ ಇದ್ದರು, ಕುರುಡರನ್ನೂ ಭಿಕ್ಷುಕರನ್ನೂ ಬಿಟ್ಟಿರಲಿಲ್ಲ. ಹೊರಗೆ ಹೋಗದ ರಾಣಿವಾಸದವರು ಜಗತ್ತನ್ನು ತಿಳಿಯಲಿ ಎಂಬುದು ಉದ್ದೇಶ. ಹಂಪಿಯನ್ನು ನೋಡಲು ಬಂದವರನ್ನು ಹಂಪಿಯೂ ನೋಡುತ್ತಿತ್ತು. ಗುಡ್ಡವೊಂದನ್ನು ಹತ್ತಿ ನೋಡಿದ ಪಾಯಸ್‌ಗೆ ನಗರ ಪೂರ್ತಿ ಕಾಣಲಿಲ್ಲ. ಕಂಡಷ್ಟೇ ರೋಮಿನಷ್ಟಿದೆ ಎಂದ. ನಾಗಲಾಪುರದಿಂದ ರಾಜಧಾನಿಯವರೆಗಿನ ಅಗಲ ಬೀದಿಯ ಎರಡೂ ಬದಿಗೆ ಮನೆ, ಅಂಗಡಿಗಳ ಸಾಲು ಇತ್ತೆಂದೂ ಬರೆದ.

ಆಮೇಲೆ ಬಂದ ಫೆರ್ನಾವ್ ನ್ಯೂನಿಜ್ ಕುದುರೆ ವ್ಯಾಪಾರಿ. 1535ರ ಸುಮಾರಿಗೆ ಮೂರು ವರ್ಷ ಇಲ್ಲಿದ್ದ. ಸಂಡೂರಿನ ಕಡೆಯ ಗುಡ್ಡಗಳ ನಡುವೆ ರಾಯ ಕಟ್ಟಿಸಿದ ದೊಡ್ಡ ಕೆರೆಗೆ ಗೋವಾದಿಂದ ಜೊವಾವ್ ದೆ ಲಾ ಪೊಂತೆ ಎಂಬ ಕಲ್ಲುಕೆಲಸದವನು ಬಂದಿದ್ದ ಎಂಬ ಸಂಗತಿ ಅವನ ಬರಹದಿಂದಲೇ ತಿಳಿಯುವುದು.

ವಿಜಯನಗರ ಸೋತುಹೋದ 1565ರ ಯುದ್ಧ ಮುಗಿದು ಎರಡು ವರ್ಷಕ್ಕೆ ವೆನಿಸಿನ ಸೀಸರ್ ಫ್ರೆಡರಿಕ್ ಗೋವಾದಿಂದ ಹೊರಟ. ಜೊತೆಗೆ ಇಬ್ಬರು ವರ್ತಕರು, ಅವರ ಮುನ್ನೂರು ಅರಬ್ಬಿ ಕುದುರೆಗಳು. ಒಂದು ತಿಂಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಏಳು ತಿಂಗಳು ನಿಲ್ಲಬೇಕಾಯಿತು. ದಾರಿಯಲ್ಲಿ ಅಷ್ಟು ಕಳ್ಳರು. ಮನೆಗಳು ನಿಂತಿದ್ದವು, ಒಳಗೆ ಜನವಿರಲಿಲ್ಲ. ಹುಲಿಗಳಿವೆ ಎಂಬ ಮಾತನ್ನು ಅವನು ಕೇಳಿದ್ದಾಗಿ ಬರೆದಿದ್ದಾನೆ, ಕಂಡದ್ದಾಗಿ ಅಲ್ಲ.

ಮುಂದಿನ ಎರಡು ಶತಮಾನಗಳಲ್ಲಿ ಹೇಳುವಂಥದ್ದು ಕಡಿಮೆ. 1799ರಲ್ಲಿ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಪಾಳುಗಳ ಫೋಟೊ ತೆಗೆದ. ಪಾಯಸ್ ಮತ್ತು ನ್ಯೂನಿಜ್‌ರ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಸಿಕ್ಕಿ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸೆವೆಲ್ ಅವನ್ನು ಇಂಗ್ಲಿಷಿಗೆ ತಂದ. ಹೊಸಪೇಟೆಗೆ ಅಷ್ಟರಲ್ಲಿ ರೈಲು ಬಂದಿತ್ತು. ಪುಸ್ತಕ ಓದಿದವನು ಸ್ಟೇಷನ್ನಿನಲ್ಲಿ ಇಳಿದು ಬಂಡಿ ಹಿಡಿದರೆ ಹಂಪಿ ಸಿಗುತ್ತಿತ್ತು.

ವಿದ್ಯಾರ್ಥಿಗಳ ಕಾಲ ಶುರುವಾದದ್ದು 1980ರಲ್ಲಿ. ವಾಸ್ತುಶಿಲ್ಪದ ಇತಿಹಾಸಕಾರ ಜಾರ್ಜ್ ಮಿಶೆಲ್ ಮತ್ತು ಅಮೆರಿಕದ ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್ ಕರ್ನಾಟಕ ಪುರಾತತ್ತ್ವ ಇಲಾಖೆಯ ಸಹಕಾರದಿಂದ ಇಲ್ಲಿ ಬಿಡಾರ ಹೂಡಿದರು. ಆಗ ಇಲಾಖೆಯ ನಿರ್ದೇಶಕರು ಎಂ. ಎಸ್. ನಾಗರಾಜರಾವ್. ಸುಮಾರು ಎರಡು ದಶಕ ಪ್ರತಿ ಚಳಿಗಾಲದಲ್ಲೂ ಕೆಲಸ ನಡೆಯಿತು. ಕೈ ಸೇರಿಸಿದವರು ಭಾರತದ ಮತ್ತು ಹೊರದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು: ತರಗತಿಯ ಗೆಳೆಯರು ಒಟ್ಟಿಗೆ ಬರುತ್ತಿದ್ದರು, ಬಂದ ಮೇಲೆ ಬೇರೆ ದೇಶದವರೊಡನೆ ಟೇಪಿನ ಆ ತುದಿ ಈ ತುದಿ ಹಿಡಿಯುತ್ತಿದ್ದರು. ಕಂಬ, ಗೋಡೆ, ಪಾಯ, ಒಂದೊಂದನ್ನೂ ಅಳೆದು ನಕ್ಷೆಗೆ ಇಳಿಸುವುದು ಅವರ ಪಾಲಿನ ಕೆಲಸ. ವಿಠ್ಠಲ ಗುಡಿಯಂಥ ಹೆಸರಾದ ಕಟ್ಟಡಗಳಿಗಷ್ಟೇ ನಿಲ್ಲದೆ, ಯಾರೂ ತಿರುಗಿ ನೋಡದ ಪಾಯಗಳನ್ನೂ ಅವರು ಗುರುತಿಸಿದರು. ಕಾಂಟಿ, ವರ್ತೆಮಾರ ಮೈಲಿಗಳ ಜಾಗಕ್ಕೆ ಮೀಟರುಗಳು ಬಂದವು.

ಈ ಬೇಸರದ ಕೆಲಸದಿಂದ ಹೊಸ ತಿಳಿವಳಿಕೆ ಹುಟ್ಟಿತು. ಅರಮನೆಯ ಆವರಣದ ದಾರಿಗಳು ಹಜಾರ ರಾಮ ಗುಡಿಯ ಬಳಿ ಬಂದು ಕೂಡುತ್ತವೆ. ಆ ಗುಡಿಯ ಮೂಲಕ ಹಾಯುವ ಉತ್ತರ ದಕ್ಷಿಣ ಗೆರೆ ಮಾತಂಗ ಬೆಟ್ಟದ ನೇರಕ್ಕೆ ಸೇರುತ್ತದೆ. ನಗರವನ್ನು ರಾಮಾಯಣದ ಬೆಟ್ಟಗಳಿಗೆ ಹೊಂದಿಸಿ ಕಟ್ಟಿದ್ದರು ಎಂಬ ವಾದಕ್ಕೆ ಇದು ಆಧಾರವಾಯಿತು. ಪಂಡಿತರೆಲ್ಲ ಈ ವಾದವನ್ನು ಅಷ್ಟೇ ಒತ್ತಿನಿಂದ ಒಪ್ಪಬೇಕಿಲ್ಲ. ನಕ್ಷೆಗಳ ಬೆಲೆ ಮಾತ್ರ ವಾದಕ್ಕಿಂತ ದೊಡ್ಡದು. 1987ರಿಂದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ನಗರದ ಹೊರವಲಯದ ಹೊಲ, ಕಾಲುವೆ, ಕೆರೆ, ಕೋಟೆಗೋಡೆಗಳ ಸರ್ವೇಗೆ ಇಳಿದು 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು.

1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಳತೆಗೆ ಬಂದವರಿಗಿಂತ ಸುಮ್ಮನೆ ಅಲೆಯಲು ಬಂದವರ ಸಂಖ್ಯೆ ಬಲು ಬೇಗ ಮೇಲಾಯಿತು. ಬೆನ್ನಿಗೆ ಚೀಲ ಹಾಕಿಕೊಂಡ ಯುರೋಪಿನ ತರುಣರು ಗೋವಾದ ಕಡಲ ತೀರ ಬಿಟ್ಟು ರೈಲಿನಲ್ಲೋ ರಾತ್ರಿ ಬಸ್ಸಿನಲ್ಲೋ ಹೊಸಪೇಟೆಗೆ ಬರುವುದು, ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಕೋಣೆ ಹಿಡಿಯುವುದು, ಹರಿಗೋಲಿನಲ್ಲಿ ಹೊಳೆ ದಾಟಿ ವಿರೂಪಾಪುರ ಗಡ್ಡಿಗೆ ಹೋಗುವುದು ಒಂದು ಪದ್ಧತಿಯೇ ಆಯಿತು. ಗೋವಾದಲ್ಲಿ ಪರಿಚಯವಾದವರು ಇಲ್ಲಿ ಒಂದೇ ಕೋಣೆಯ ಬಾಡಿಗೆ ಹಂಚಿಕೊಳ್ಳುತ್ತಿದ್ದರು. 2003ರಲ್ಲಿ ಕ್ರಿಸ್ ಶರ್ಮಾ ಎಂಬ ಅಮೆರಿಕದ ಬಂಡೆ ಹತ್ತುವವನ ಚಿತ್ರ ‘ಪಿಲ್‌ಗ್ರಿಮೇಜ್’ ಬಂದ ಮೇಲೆ, ಬಿದ್ದರೆ ಪೆಟ್ಟಾಗದಂತೆ ಹಾಸಲು ದಪ್ಪ ಹಾಸುಗೆಗಳನ್ನು ಹೊತ್ತು ಬಂಡೆಗಳ ನಡುವೆ ತಿರುಗುವ ಗುಂಪುಗಳೂ ಕಾಣಿಸಿಕೊಂಡವು.

ಈ ನಂಟಿನಿಂದ ಬದುಕು ಕಟ್ಟಿಕೊಂಡ ಊರಿನವರಿಗೆ ಅದರ ಬೆಲೆಯೂ ತಟ್ಟಿತು. 2011ರ ಜುಲೈನಲ್ಲಿ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಸ್ಮಾರಕ ರಕ್ಷಣೆಯ ಹೆಸರಿನಲ್ಲಿ ಕೆಡವಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ವಿರೂಪಾಪುರ ಗಡ್ಡಿಯ ರೆಸಾರ್ಟುಗಳೂ ನೆಲಸಮವಾದವು. ಈಗ ಹಾಸ್ಟೆಲುಗಳು ಹೆಚ್ಚಾಗಿ ಆನೆಗೊಂದಿ, ಸಾಣಾಪುರಗಳ ಕಡೆಗಿವೆ. ರೈಲಿಳಿದು ಹಂಪಿ ನೋಡಿ ಮರುದಿನವೇ ಹೊರಡುವವರು ಹೊಸಪೇಟೆಯ ಲಾಡ್ಜುಗಳಲ್ಲಿ ಉಳಿಯುತ್ತಾರೆ.