ಸೈನ್ಯದಿಂದ ಲಾರಿ ವೃತ್ತಿಗೆ: ಸೇನಾ ಪರವಾನಗಿಯೊಂದೇ ಸಾಲದು

ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ದಾವಣಗೆರೆ ಮತ್ತು ಹರಿಹರ ನಗರಗಳ ವಹಿವಾಟು ಬಹುಮಟ್ಟಿಗೆ ಲಾರಿಗಳನ್ನೇ ಅವಲಂಬಿಸಿದೆ. ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳ, ಭದ್ರಾ ಅಚ್ಚುಕಟ್ಟಿನ ಭತ್ತ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆ ಸರಕು, ಎಲ್ಲಕ್ಕೂ ಲಾರಿ ಬೇಕು. ಸೇನೆಯಲ್ಲಿ ಚಾಲಕರಾಗಿ ದುಡಿದು, ನಲವತ್ತರ ಆಸುಪಾಸಿನಲ್ಲಿ ನಿವೃತ್ತರಾಗಿ ಊರಿಗೆ ಮರಳುವವರಿಗೆ ಈ ವೃತ್ತಿ ಸಹಜ ಆಯ್ಕೆಯಾಗಿ ತೋರುತ್ತದೆ. ಆದರೆ ಗಡಿಯ ಹಿಮದ ರಸ್ತೆಗಳಲ್ಲಿ ವರ್ಷಗಟ್ಟಲೆ ಸ್ಟಾಲಿಯನ್ ಟ್ರಕ್ ಓಡಿಸಿದವರಿಗೂ, ಸೇನೆಯ ಪರವಾನಗಿಯೊಂದನ್ನೇ ನಂಬಿ ದಾವಣಗೆರೆಯಿಂದ ಹರಿಹರದವರೆಗೆ ಬಾಡಿಗೆ ಲಾರಿ ಒಯ್ಯುವ ಅಧಿಕಾರವಿಲ್ಲ.

ಕಾರಣ 1988ರ ಮೋಟಾರು ವಾಹನ ಕಾಯ್ದೆಯ 18ನೇ ಸೆಕ್ಷನ್. ದೇಶದ ರಕ್ಷಣಾ ಕಾರ್ಯದಲ್ಲಿ ಬಳಸುವ ಕೇಂದ್ರ ಸರ್ಕಾರಿ ವಾಹನಗಳನ್ನು ಓಡಿಸಲು ಪ್ರತ್ಯೇಕ ಪರವಾನಗಿ ನೀಡಲು ಈ ಸೆಕ್ಷನ್ ಅವಕಾಶ ಕೊಡುತ್ತದೆ. ಅಂಥ ಪರವಾನಗಿ ಬೇರಾವ ವಾಹನಕ್ಕೂ ಅನ್ವಯಿಸದು ಎಂದೂ ಅದೇ ಸೆಕ್ಷನ್ ಸ್ಪಷ್ಟಪಡಿಸುತ್ತದೆ. ನಿವೃತ್ತಿಯ ನಂತರವೇ ಈ ಸಂಗತಿ ಅರಿವಿಗೆ ಬಂದರೆ ಪೆಟ್ಟು ದೊಡ್ಡದು.

ಏಕೆಂದರೆ ಸೆಕ್ಷನ್ 7ರ ಪ್ರಕಾರ, ಸಾರಿಗೆ ವಾಹನದ ಕಲಿಕಾ ಪರವಾನಗಿ ಪಡೆಯಲು ಲಘು ಮೋಟಾರು ವಾಹನದ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ವಯಸ್ಸು 20 ತುಂಬಿರಬೇಕು. ಚಾಲನಾ ತರಬೇತಿ ಶಾಲೆಯ ಪ್ರಮಾಣಪತ್ರ ಮತ್ತು ವೈದ್ಯಕೀಯ ಪ್ರಮಾಣಪತ್ರವೂ ಅಗತ್ಯ. ಎಂಟನೇ ತರಗತಿ ಓದಿರಬೇಕೆಂಬ ನಿಬಂಧನೆ 2019ರಲ್ಲಿ ರದ್ದಾಗಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ, 7,500 ಕೆ.ಜಿ.ಗಿಂತ ಕಡಿಮೆ ಒಟ್ಟು ತೂಕದ ಸರಕು ವಾಹನಗಳನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದು. ಆದರೆ ಮೆಕ್ಕೆಜೋಳ ಹೊತ್ತು ದೂರದೂರಿಗೆ ಹೊರಡುವ ಲಾರಿಗಳು ಈ ಮಿತಿಗೆ ಒಳಪಡುವುದಿಲ್ಲ.

ಸೇವೆಯಲ್ಲಿರುವಾಗಲೇ, ವಾರ್ಷಿಕ ರಜೆಗೆ ಊರಿಗೆ ಬಂದಾಗ ಲಘು ವಾಹನದ ಪರವಾನಗಿ ಪಡೆದುಕೊಳ್ಳುವುದೇ ಜಾಣತನ. ಕಲಿಕಾ ಪರವಾನಗಿ ಸಿಕ್ಕ 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು; ಸೈನಿಕರ 60 ದಿನಗಳ ರಜೆಯಲ್ಲಿ ಎರಡೂ ಮುಗಿಯುತ್ತವೆ. ಸೇನೆಯ ಚಾಲನಾ ದಾಖಲೆ, ಬಿಡುಗಡೆ ಪುಸ್ತಕಗಳನ್ನು ಎಷ್ಟರಮಟ್ಟಿಗೆ ಪರಿಗಣಿಸಲಾಗುವುದು ಎಂಬುದನ್ನು ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳಿತು.

ಪರವಾನಗಿಯ ಪ್ರಶ್ನೆ ಬರೀ ದಂಡಕ್ಕೆ ಸಂಬಂಧಿಸಿದ್ದಲ್ಲ. ಅಪಘಾತವಾದಾಗ ಚಾಲಕನ ಬಳಿ ಸೂಕ್ತ ಪರವಾನಗಿ ಇರಲಿಲ್ಲವೆಂದಾದರೆ, ವಿಮಾ ಕಂಪನಿ ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ಲಾರಿ ಮಾಲೀಕರಿಂದ ವಸೂಲು ಮಾಡಲು ದಾರಿಯಾಗುತ್ತದೆ. ಹೀಗಿರುವಾಗ ಎಷ್ಟೇ ನುರಿತ ಚಾಲಕನಾದರೂ ಮಾಲೀಕರು ಹಿಂಜರಿಯುವುದು ಸಹಜ.

ಕೆಲಸದ ಸ್ವರೂಪವೂ ಬೇರೆ. ಸೇನೆಯಲ್ಲಿ ವಾಹನಗಳು ಸಾಲುಗಟ್ಟಿ ಸಾಗುತ್ತವೆ. ದುರಸ್ತಿಗೆ ಇಎಂಇ ದಳವಿರುತ್ತದೆ. ಇಲ್ಲಿ ಲಾರಿ ಕೆಟ್ಟರೆ ಚಾಲಕ ಮತ್ತು ಕ್ಲೀನರ್ ಇಬ್ಬರೇ. ಪರ್ಮಿಟ್, ಎಫ್‌ಸಿ, ಇ–ವೇ ಬಿಲ್, ಫಾಸ್ಟ್ಯಾಗ್ ಎಲ್ಲವನ್ನೂ ನೋಡಿಕೊಳ್ಳಬೇಕು. ಹೆಚ್ಚುವರಿ ಭಾರಕ್ಕೆ 2019ರ ತಿದ್ದುಪಡಿ ಕಾಯ್ದೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡ ನಿಗದಿಪಡಿಸಿದೆ. 2025ರವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961 ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನಷ್ಟೇ ಸಾಮಾನ್ಯ ಮಿತಿಯೆಂದು ಹೇಳುತ್ತಿತ್ತಾದರೂ ಹೆದ್ದಾರಿಯಲ್ಲಿ ರಾತ್ರಿಯಿಡೀ ಓಡುವ ಲಾರಿಗಳನ್ನು ಕಂಡವರಿಗೆ ಅದು ಕಾಗದದ ಮಾತೆನಿಸದಿರದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿರುವುದು ಸಣ್ಣ ಸಮಾಧಾನ.

ಸ್ವಂತ ಲಾರಿಯ ಆಸೆಯಿಂದ ನಿವೃತ್ತಿಯ ಇಡುಗಂಟನ್ನೆಲ್ಲ ಸುರಿಯುವ ಮುನ್ನ ಒಂದೆರಡು ವರ್ಷ ಬೇರೆಯವರ ಲಾರಿಯಲ್ಲಿ ದುಡಿದು ಬಾಡಿಗೆ, ಡೀಸೆಲ್, ಟೈರ್, ಕಂತಿನ ಲೆಕ್ಕ ಕಲಿಯುವುದು ಕ್ಷೇಮ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯವು ಸೇನೆಯ ಹಳೆಯ ವಾಹನಗಳನ್ನು ಮಾಜಿ ಸೈನಿಕರಿಗೆ ಹಂಚುವ ಯೋಜನೆ ಹೊಂದಿದೆ. ಆದರೆ 12 ವರ್ಷ ಮೀರಿದ ಎರಡು ಆಕ್ಸಲ್ ಲಾರಿಗೆ ನ್ಯಾಷನಲ್ ಪರ್ಮಿಟ್ ದೊರೆಯುವುದಿಲ್ಲವಾದ್ದರಿಂದ, ಹೊರರಾಜ್ಯದ ಬಾಡಿಗೆ ನೆಚ್ಚಿಕೊಳ್ಳುವವರು ವಾಹನದ ವಯಸ್ಸನ್ನು ಮೊದಲು ನೋಡಬೇಕು.

2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ಸೇರಿದವರ ಲೆಕ್ಕ ಇನ್ನೂ ಬಿಗಿ. ನಾಲ್ಕು ವರ್ಷದ ಸೇವೆಯ ಬಳಿಕ ಕಾಯಂ ಆಗದವರಿಗೆ ಪಿಂಚಣಿಯಿಲ್ಲ. ಕೈಗೆ ಬರುವುದು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ. ವಾರ್ಷಿಕ ರಜೆಯೂ 30 ದಿನ ಮಾತ್ರ. ಒಂದೇ ರಜೆಯಲ್ಲಿ ಕಲಿಕಾ ಪರವಾನಗಿ ಮತ್ತು ಪರೀಕ್ಷೆ ಎರಡನ್ನೂ ಮುಗಿಸುವುದು ಕಷ್ಟವಾದ್ದರಿಂದ, ಕಲಿಕಾ ಪರವಾನಗಿಯ ಆರು ತಿಂಗಳ ಅವಧಿಯೊಳಗೆ ಮತ್ತೊಮ್ಮೆ ಊರಿಗೆ ಬರುವಂತೆ ರಜೆಯನ್ನು ಎರಡು ಭಾಗವಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ. ಮೂರನೇ ವರ್ಷ ಮುಗಿಯುವುದರೊಳಗೆ ಲಘು ವಾಹನದ ಪರವಾನಗಿ ಕೈಸೇರಿದರೆ, ಬಿಡುಗಡೆಯಾಗಿ ಬಂದ ಕೂಡಲೇ ಸಾರಿಗೆ ವಾಹನದ ಕಲಿಕಾ ಪರವಾನಗಿಗೆ ಅರ್ಜಿ ಹಾಕಬಹುದು.